ತಲೆ ಸುತ್ತದಿದ್ದರೆ ಬಿ.ಪಿ. ಇಲ್ಲವೆಂದೇ?

ಬಿ.ಪಿ. ಮಾತ್ರೆಯನ್ನು ಅರ್ಧಕ್ಕೇ ಬಿಟ್ಟವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತು: ‘ಈಗ ಆರಾಮಾಗಿದ್ದೀನಿ, ತಲೆನೋವೂ ಇಲ್ಲ.’ ಇದು ಸೋಮಾರಿತನವಲ್ಲ, ನಂಬಿಕೆ. ಅಮೆರಿಕದ ಮನೋವಿಜ್ಞಾನಿ ಹೊವರ್ಡ್ ಲೆವೆಂಥಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ಏರಿದ್ದು ಮೈಗೆ ತಿಳಿಯುವುದಿಲ್ಲವೆಂದು ಹೆಚ್ಚಿನ ರೋಗಿಗಳು ಒಪ್ಪಿದ್ದರು. ಆದರೂ ‘ನನಗೆ ಗೊತ್ತಾಗುತ್ತದೆ’ ಎಂದವರೂ ಅವರಲ್ಲೇ ಬಹುಮಂದಿ! ಮಾತ್ರೆಯಿಂದ ತಮ್ಮ ಲಕ್ಷಣಗಳು ತಗ್ಗುತ್ತವೆ ಎಂದು ನಂಬಿದವರು ಅದನ್ನು ಹೆಚ್ಚು ಕ್ರಮವಾಗಿ ತೆಗೆದುಕೊಳ್ಳುತ್ತಿದ್ದರು.

‘ಲಕ್ಷಣವಿಲ್ಲದಿದ್ದರೆ ಬಿ.ಪಿ. ಇಲ್ಲ’ ಎಂಬ ನಂಬಿಕೆಯನ್ನು ಅಲುಗಾಡಿಸಲು ಬುದ್ಧಿಮಾತಿಗಿಂತ ಮನೆಯಲ್ಲೇ ಅಳೆದು ಬರೆದಿಟ್ಟ ಬಿ.ಪಿ. ಅಂಕಿ ಮೇಲು. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿ. ಬಿ.ಪಿ. ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೆ ಸುತ್ತಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ತೋಳು ಜೋತುಬಿದ್ದರೆ, ಕಾಲಮೇಲೆ ಕಾಲು ಹಾಕಿದರೆ, ನಡುವೆ ಮಾತಾಡಿದರೆ ಅಂಕಿ ಸುಳ್ಳೇ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಅಥವಾ ಹೆಚ್ಚು ಬರುತ್ತಿದ್ದರೆ ಆ ಚೀಟಿ ವೈದ್ಯರ ಕೈ ಸೇರಬೇಕು.

ಬದುಕಿನ ಬಗೆಗಿನ ತೃಪ್ತಿಗೂ ಆರೋಗ್ಯದ ಅಭ್ಯಾಸಗಳಿಗೂ ನಂಟಿದೆ. 21 ದೇಶಗಳ ವಿದ್ಯಾರ್ಥಿಗಳನ್ನು ಕುರಿತ 2009ರ ಅಧ್ಯಯನದಲ್ಲಿ, ಹೆಚ್ಚು ತೃಪ್ತರಾದವರು ಧೂಮಪಾನ ಮಾಡದಿರುವ, ವ್ಯಾಯಾಮ ಮಾಡುವ, ಹಣ್ಣು ತಿನ್ನುವ ಸಾಧ್ಯತೆ ಹೆಚ್ಚಿತ್ತು; ಮದ್ಯದ ವಿಷಯದಲ್ಲಿ ಅಂಥ ನಂಟು ಕಾಣಲಿಲ್ಲ. ತೃಪ್ತಿಯಿಂದ ಅಭ್ಯಾಸವೋ, ಅಭ್ಯಾಸದಿಂದ ತೃಪ್ತಿಯೋ ಎಂಬುದು ಒಂದೇ ಸಲದ ಸಮೀಕ್ಷೆಯಿಂದ ಹೇಳಲಾಗದು. ಆದರೆ ಬಿ.ಪಿ. ಮಾತ್ರೆಯ ಫಲ ನಾಳೆಯದು: ಅದರಿಂದ ಪಾರ್ಶ್ವವಾಯು ತಪ್ಪಿದ್ದು ಯಾರ ಅನುಭವಕ್ಕೂ ಬರುವುದಿಲ್ಲ. ನಾಳೆಯ ಬಗ್ಗೆಯೇ ಆಸೆ ಬತ್ತಿದವರಿಗೆ ಹೆದರಿಕೆ ಹುಟ್ಟಿಸಿ ಉಪಯೋಗವಿಲ್ಲ. ಮೊದಲು ಅವರ ದುಗುಡ ವಿಚಾರಿಸಬೇಕು.

ಉಳಿದದ್ದು ನೆನಪಿನ ಕೆಲಸ. ‘ದಿನಾ ತಗೊಳ್ತೀನಿ’ ಎಂಬ ನಿರ್ಧಾರಕ್ಕಿಂತ ‘ಹಲ್ಲುಜ್ಜಿದ ಕೂಡಲೇ ತಗೊಳ್ತೀನಿ’ ಎಂಬುದು ಗಟ್ಟಿ, ಏಕೆಂದರೆ ಬ್ರಷ್ ಇಟ್ಟ ಕ್ಷಣವೇ ಮಾತ್ರೆಯನ್ನು ನೆನಪಿಸುತ್ತದೆ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿದಾಗ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದ ಮಧ್ಯಮ ಅವಧಿ 66 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ನಿನ್ನೆಯ ಮಾತ್ರೆ ಮರೆತಿದ್ದರೆ ಇಂದು ಎರಡು ನುಂಗಬಾರದು, ಒತ್ತಡ ತೀರಾ ಇಳಿದು ತಲೆ ಸುತ್ತಬಹುದು. ಇಂದಿನದನ್ನು ಮಾತ್ರ ತೆಗೆದುಕೊಳ್ಳಿ.