ಪದ ಪರಿಚಯ: ರಿಯಲ್ ಟೈಮ್ ಥ್ರೆಡ್ ಮತ್ತು ಪರದೆಯ ಗಡುವು

ಉದ್ದದ ಪಟ್ಟಿಯೊಂದನ್ನು ಬೆರಳಿನಿಂದ ಸರಿಸುತ್ತಿರುವಾಗ ಒಮ್ಮೊಮ್ಮೆ ಪರದೆ ಎಡವಿದಂತಾಗುತ್ತದೆ. ಪ್ರೊಸೆಸರ್ ಚೆನ್ನಾಗಿಯೇ ಇದೆ. ಗ್ರಾಫಿಕ್ಸ್ ಚಿಪ್‌ಗೂ ಅಂಥ ಭಾರವೇನಿಲ್ಲ. ಆದರೂ ಚಿತ್ರ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಇದಕ್ಕೆ ಜ್ಯಾಂಕ್ ಅನ್ನುತ್ತಾರೆ. ಕಾರಣ ಹುಡುಕುತ್ತಾ ಹೋದರೆ ಎಷ್ಟೋ ಸಲ ಸಿಗುವುದು ಇಷ್ಟೇ: ಆ ಫ್ರೇಮ್‌ನ (ಪರದೆಗೆ ಬರುವ ಒಂದು ಚಿತ್ರದ) ಕೆಲಸ ಮುಗಿಸಬೇಕಿದ್ದ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆಗೆ, ಬೇಕಾದ ಹೊತ್ತಿಗೆ ಸಿಪಿಯು ಸಿಕ್ಕಿಲ್ಲ. ಅಂಥ ಥ್ರೆಡ್‌ಗೆ ಹೊತ್ತಿಗೆ ಸರಿಯಾಗಿ ಸಿಪಿಯು ಸಿಗುವಂತೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಮಾಡಿರುವ ಏರ್ಪಾಡೇ ರಿಯಲ್ ಟೈಮ್ ಶೆಡ್ಯೂಲಿಂಗ್. ಇಲ್ಲಿ ಲಿನಕ್ಸ್ ಕರ್ನಲ್ ಇಟ್ಟುಕೊಂಡು ನೋಡೋಣ. ಆಂಡ್ರಾಯ್ಡ್‌ನ ಅಡಿಯಲ್ಲಿರುವುದೂ ಅದೇ.

ರಿಯಲ್ ಟೈಮ್ ಅಂದರೆ ವೇಗ ಎಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಥ್ರೆಡ್ ಒಂದನ್ನು ರಿಯಲ್ ಟೈಮ್ ಮಾಡಿದರೆ ಅದರ ಲೆಕ್ಕಾಚಾರ ಒಂದು ಚೂರೂ ಬೇಗ ಮುಗಿಯುವುದಿಲ್ಲ. ಬೇಗ ಶುರುವಾಗುತ್ತದೆ, ನಡುವೆ ಸಾಮಾನ್ಯ ಥ್ರೆಡ್ ಯಾವುದೂ ಎಬ್ಬಿಸಿ ಕಳಿಸುವುದಿಲ್ಲ, ಅಷ್ಟೇ. ಒಟ್ಟಾರೆ ಕೆಲಸ ಕೆಲವೊಮ್ಮೆ ಸ್ವಲ್ಪ ನಿಧಾನವೇ ಆಗಬಹುದು. ಸಿಗುವುದು ಭರವಸೆ: ಗಡುವಿನೊಳಗೆ ಆಗುತ್ತದೆ ಅನ್ನುವುದು.

ಪರದೆಗೆ ಗಡುವು ಎಲ್ಲಿಂದ ಬಂತು? 60 ಹರ್ಟ್ಜ್ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಅಂದರೆ ಒಂದು ಸುತ್ತಿಗೆ 16.67 ಮಿಲಿಸೆಕೆಂಡ್. ಸಾಲು ಸಾಲಾಗಿ ಮೇಲಿಂದ ಕೆಳಗೆ ಬರೆದು ಮುಗಿಸಿದ ಮೇಲೆ, ಮತ್ತೆ ಮೊದಲ ಸಾಲು ಶುರುವಾಗುವ ಮುನ್ನ ಒಂದು ಸಣ್ಣ ಬಿಡುವು ಬರುತ್ತದೆ. ಅದು ವರ್ಟಿಕಲ್ ಬ್ಲ್ಯಾಂಕ್, ಬಾಯಿಮಾತಿನಲ್ಲಿ ವಿಬ್ಲ್ಯಾಂಕ್. ಹೊಸ ಚಿತ್ರ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಡಿಸ್‌ಪ್ಲೇ ಕಂಟ್ರೋಲರ್ ಸಾಮಾನ್ಯವಾಗಿ ಈ ಬಿಡುವಿನಲ್ಲೇ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ವಿಳಾಸವನ್ನು ಅದರ ರಿಜಿಸ್ಟರ್‌ಗೆ (ಚಿಪ್ ಒಳಗಿನ ಪುಟ್ಟ ನೆನಪಿನ ಜಾಗಕ್ಕೆ) ಬರೆದಿರಬೇಕು. ಬರೆದಿಲ್ಲವೋ, ಹಳೆಯ ಚಿತ್ರವೇ ಇನ್ನೊಂದು ಸುತ್ತು.

ಈ ಲೆಕ್ಕದ ಕ್ರೂರತನ ಗಮನಿಸಿ. ಥ್ರೆಡ್ ತಡವಾಗಿದ್ದು 0.2 ಮಿಲಿಸೆಕೆಂಡ್ ಇರಬಹುದು, ದಂಡ ಮಾತ್ರ ಪೂರಾ 16.67. ಬಸ್ ತಪ್ಪಿದ ಹಾಗೆ, ಅರ್ಧ ನಿಮಿಷ ತಡವಾದರೂ ಮುಂದಿನ ಬಸ್ಸಿಗೇ ಕಾಯಬೇಕು. ಹಾಗಾಗಿ ಇಲ್ಲಿ ಸರಾಸರಿ ಅನ್ನುವ ಮಾತಿಗೆ ಬೆಲೆಯಿಲ್ಲ. 1000 ಫ್ರೇಮ್‌ಗಳಲ್ಲಿ 990 ಚೆನ್ನಾಗಿ ಬಂದರೂ ಕಣ್ಣಿಗೆ ಬೀಳುವುದು ಉಳಿದ 10. ಪರದೆ 120 ಹರ್ಟ್ಜ್‌ನದಾದರೆ ಗಡುವು 8.33 ಮಿಲಿಸೆಕೆಂಡಿಗೆ ಇಳಿಯುತ್ತದೆ. ಯಾವ ಥ್ರೆಡ್‌ಗೆ ಯಾವಾಗ ಸಿಪಿಯು ಎಂದು ತೀರ್ಮಾನಿಸುವ ಶೆಡ್ಯೂಲರ್ ಮಾಡುವ ಸಣ್ಣ ತಡವೂ ಆಗ ದೊಡ್ಡದಾಗಿ ಕಾಣುತ್ತದೆ.

ಇನ್ನು ಸಾಮಾನ್ಯ ಶೆಡ್ಯೂಲರ್ ಏನು ಮಾಡುತ್ತದೆ ನೋಡಿ. ಲಿನಕ್ಸ್‌ನಲ್ಲಿ 2007ರ 2.6.23 ಆವೃತ್ತಿಯಿಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಇತ್ತು. 2023ರಲ್ಲಿ 6.6ಕ್ಕೆ ಬರುವಾಗ ಅದರ ಜಾಗಕ್ಕೆ ಇಇವಿಡಿಎಫ್ ಬಂತು. ಎರಡರ ಮೂಲ ಗುರಿಯೂ ನ್ಯಾಯವಾಗಿ ಹಂಚುವುದು. ಹಿನ್ನೆಲೆಯಲ್ಲಿ ಹತ್ತಾರು ಥ್ರೆಡ್ ಓಡುತ್ತಿದ್ದರೆ ಎಲ್ಲಕ್ಕೂ ಪಾಲು ಕೊಡುತ್ತದೆ. ನೈಸ್ ಎಂಬ ಅಂಕಿಯನ್ನು -20ರಿಂದ 19ರವರೆಗೆ ಬದಲಿಸಿ ಪಾಲನ್ನು ಹೆಚ್ಚು ಕಡಿಮೆ ಮಾಡಬಹುದು (ಅಂಕಿ ಕಡಿಮೆಯಾದಷ್ಟೂ ಪಾಲು ಹೆಚ್ಚು). ಆದರೆ ನೈಸ್ ಹೇಳುವುದು ಎಷ್ಟು ಪಾಲು ಎಂದು, ಇಂಥ ಹೊತ್ತಿಗೇ ಎಂದು ಅಲ್ಲ. ನಮ್ಮ ಫ್ರೇಮ್ ಥ್ರೆಡ್ ನಾಲ್ಕೈದು ಮಿಲಿಸೆಕೆಂಡ್ ಸಾಲಿನಲ್ಲಿ ನಿಂತಿದ್ದರೆ ಶೆಡ್ಯೂಲರ್ ಕಣ್ಣಲ್ಲಿ ಅದೇನೂ ಅನ್ಯಾಯವಲ್ಲ. ಪರದೆಗೆ ಮಾತ್ರ ಅಷ್ಟರಲ್ಲಿ ಆಟ ಮುಗಿದಿರುತ್ತದೆ.

ಹಾಗಾಗಿ ಇದಕ್ಕಿಂತ ಮೇಲೆ ಇನ್ನೊಂದು ವರ್ಗ ಇದೆ. ಸ್ಕೆಡ್ ಫೈಫೋ ಎಂಬ ನೀತಿಯಲ್ಲಿ 1ರಿಂದ 99ರವರೆಗೆ ಆದ್ಯತೆ ಕೊಡಬಹುದು. 1 ಇದ್ದರೂ ಸಾಕು, ಯಾವ ಸಾಮಾನ್ಯ ಥ್ರೆಡ್‌ಗಿಂತಲೂ ಅದು ಮುಂದೆ. ಎಚ್ಚರವಾದ ಕೂಡಲೇ ಸಾಮಾನ್ಯ ಥ್ರೆಡ್ಡನ್ನು ಪಕ್ಕಕ್ಕೆ ಸರಿಸಿ ಸಿಪಿಯು ಹಿಡಿಯುತ್ತದೆ. ತಾನಾಗಿ ಕಾಯಲು ಕೂರುವವರೆಗೆ, ಇಲ್ಲವೇ ತನಗಿಂತ ಮೇಲಿನದು ಬರುವವರೆಗೆ ಬಿಡುವುದಿಲ್ಲ. ಇದರ ಜೊತೆಗೆ ಸ್ಕೆಡ್ ಆರ್‌ಆರ್ ಅಂತಲೂ ಇದೆ. ಒಂದೇ ಆದ್ಯತೆಯವು ಸರದಿಯಲ್ಲಿ ಓಡುತ್ತವೆ. ಆದರೆ ಸರದಿಯ ಉದ್ದ ಸಾಮಾನ್ಯವಾಗಿ 100 ಮಿಲಿಸೆಕೆಂಡ್, ಅಂದರೆ 60 ಹರ್ಟ್ಜ್‌ನಲ್ಲಿ ಆರು ಫ್ರೇಮ್. ಪರದೆಯ ಮಟ್ಟಿಗೆ ಅದರಿಂದ ಅಂಥ ಉಪಯೋಗವಿಲ್ಲ.

2014ರಲ್ಲಿ 3.14 ಆವೃತ್ತಿಗೆ ಬಂದ ಸ್ಕೆಡ್ ಡೆಡ್‌ಲೈನ್ ಇನ್ನೂ ನೇರವಾದದ್ದು. ಇಷ್ಟು ಹೊತ್ತಿಗೊಮ್ಮೆ, ಇಷ್ಟು ಕೆಲಸ, ಇಷ್ಟರೊಳಗೆ ಎಂದು ಮೂರು ಅಂಕಿ ಕೊಡಬೇಕು. ಪರದೆಗೆ ಹೇಳಿ ಮಾಡಿಸಿದಂತಿದೆ ಅಲ್ವಾ? ತೊಡಕಿರುವುದು ಎರಡನೆಯ ಅಂಕಿಯಲ್ಲಿ. ಒಂದು ಫ್ರೇಮ್‌ಗೆ ಒಂದು ಮಿಲಿಸೆಕೆಂಡ್ ಸಾಕಾಗಬಹುದು, ಮುಂದಿನದಕ್ಕೆ ಆರು ಬೇಕಾಗಬಹುದು. ಮೊದಲೇ ಹೇಳುವುದು ಕಷ್ಟ. ಹಾಗಾಗಿ ಫೈಫೋ ಇನ್ನೂ ಚಲಾವಣೆಯಲ್ಲಿದೆ.

ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಮಾತು. ಒಂದು ಫ್ರೇಮ್ ಒಂದೇ ಥ್ರೆಡ್‌ನ ಕೆಲಸವಲ್ಲ. ಆ್ಯಪ್ ತನ್ನ ಕಿಟಕಿ ಬರೆಯುತ್ತದೆ. ಎಲ್ಲ ಕಿಟಕಿಗಳನ್ನು ಸೇರಿಸುವುದು ಕಂಪೋಸಿಟರ್. ಆಂಡ್ರಾಯ್ಡ್‌ನಲ್ಲಿ ಅದು ಸರ್ಫೇಸ್‌ಫ್ಲಿಂಗರ್, ಡೆಸ್ಕ್‌ಟಾಪ್‌ನಲ್ಲಿ ಮಟರ್, ಕೆವಿನ್ ಮುಂತಾದವು. ಕಂಪೋಸಿಟರ್ ಕರ್ನಲ್‌ನಲ್ಲಿ ಪರದೆಯನ್ನು ನೋಡಿಕೊಳ್ಳುವ ಡಿಆರ್‌ಎಂ ಭಾಗಕ್ಕೆ ಅಟಾಮಿಕ್ ಕಮಿಟ್ (ಬದಲಾವಣೆಗಳನ್ನೆಲ್ಲ ಒಟ್ಟಿಗೆ ಜಾರಿ ಮಾಡು ಎಂಬ ಕೋರಿಕೆ) ಕಳಿಸುತ್ತದೆ. ಕಳಿಸಿದವರು ಕಾಯುತ್ತಾ ಕೂರಬಾರದು ಎಂದು ಕರ್ನಲ್ ಮಿಕ್ಕ ಕೆಲಸವನ್ನು ಒಂದು ವರ್ಕರ್ ಥ್ರೆಡ್‌ಗೆ ವಹಿಸುತ್ತದೆ. ಜಿಪಿಯು ಬರೆದು ಮುಗಿಸಿದೆಯೇ ಎಂದು ಕಾದು ನೋಡಿ, ಕೊನೆಗೆ ರಿಜಿಸ್ಟರ್ ಬರೆಯುವುದು ಈ ವರ್ಕರ್.

ಈಗ ಕಂಪೋಸಿಟರ್‌ಗೆ ಫೈಫೋ ಕೊಟ್ಟಿದ್ದೀರಿ, ವರ್ಕರ್ ಮಾತ್ರ ಸಾಮಾನ್ಯ ವರ್ಕ್‌ಕ್ಯೂನಲ್ಲಿದೆ (ಕರ್ನಲ್‌ನ ಬಿಡಿ ಕೆಲಸಗಳು ಸರದಿಗೆ ಕಾಯುವ ಸಾಲು) ಅಂದುಕೊಳ್ಳಿ. ವರ್ಕ್‌ಕ್ಯೂನ ಥ್ರೆಡ್‌ಗಳು ಸಾಮಾನ್ಯ ವರ್ಗದವು. ಹೆಚ್ಚಿನ ಆದ್ಯತೆಯ ವರ್ಕ್‌ಕ್ಯೂ ಅಂದರೂ ಅದು ನೈಸ್ -20 ಅಷ್ಟೇ, ರಿಯಲ್ ಟೈಮ್ ಅಲ್ಲ. ಹೀಗಾದರೆ ಕಂಪೋಸಿಟರ್ ಹೊತ್ತಿಗೆ ಮುಂಚೆಯೇ ತನ್ನ ಪಾಲು ಮುಗಿಸಿರುತ್ತದೆ, ಫ್ರೇಮ್ ಮಾತ್ರ ಕೊನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೂ ತಮಾಷೆಯೆಂದರೆ, ಮುಂದಿನ ಫ್ರೇಮ್‌ಗಾಗಿ ಎದ್ದ ಕಂಪೋಸಿಟರ್ ತನ್ನದೇ ಹಿಂದಿನ ಫ್ರೇಮ್ ಮುಗಿಸುತ್ತಿರುವ ವರ್ಕರನ್ನು ಸಿಪಿಯುನಿಂದ ಆಚೆ ದಬ್ಬಬಹುದು! ಸರಪಳಿಯ ಒಂದು ಕೊಂಡಿಗೆ ಮಾತ್ರ ಆದ್ಯತೆ ಕೊಟ್ಟರೆ ಇಂಥದ್ದೇ ಆಗುವುದು.

ಪರಿಹಾರವೂ ಇಲ್ಲಿಂದಲೇ ಬರುತ್ತದೆ. ವರ್ಕ್‌ಕ್ಯೂ ಬಿಟ್ಟು, ಆ ಕೆಲಸಕ್ಕೆಂದೇ ಮೀಸಲಾದ ಕರ್ನಲ್ ಥ್ರೆಡ್ (ಕೆಥ್ರೆಡ್ ವರ್ಕರ್) ಇಟ್ಟುಕೊಂಡು ಅದಕ್ಕೆ ಫೈಫೋ ಕೊಡುವುದು. ಕ್ವಾಲ್‌ಕಾಮ್ ಚಿಪ್‌ಗಳ ಎಂಎಸ್‌ಎಂ ಡ್ರೈವರ್ (ಚಿಪ್ಪನ್ನು ನಡೆಸುವ ಕರ್ನಲ್ ಭಾಗ) ತನ್ನ ಈವೆಂಟ್ ಥ್ರೆಡ್‌ಗಳಿಗೆ ಹೀಗೆ ಮಾಡುತ್ತದೆ. 2020ರಲ್ಲಿ 5.9ಕ್ಕೆ ಸೇರಿದ ವಿಬ್ಲ್ಯಾಂಕ್ ವರ್ಕ್ ಕೂಡ ಇದೇ ದಾರಿ ಹಿಡಿದಿದೆ: ವಿಬ್ಲ್ಯಾಂಕ್ ಆದ ಕೂಡಲೇ ಮಾಡಬೇಕಾದ ಚೂರುಪಾರು ಕೆಲಸಕ್ಕೆ ಫೈಫೋ ಥ್ರೆಡ್. ಅದೇ 5.9ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅದಕ್ಕೂ ಮುಂಚೆ ಡ್ರೈವರ್ ಬರೆದವರೆಲ್ಲ ತಮಗೆ ತೋಚಿದ ಆದ್ಯತೆಯ ಅಂಕಿ ಹಾಕಿಕೊಳ್ಳುತ್ತಿದ್ದರು. ಡಿಸ್‌ಪ್ಲೇ ಮುಖ್ಯವೋ, ಆಡಿಯೋ ಮುಖ್ಯವೋ, ಅದು ಆಯಾ ಯಂತ್ರಕ್ಕೆ ಬಿಟ್ಟ ವಿಷಯ. ಒಬ್ಬ ಡ್ರೈವರ್ ಬರಹಗಾರ ಕೂತಲ್ಲೇ ತೀರ್ಮಾನಿಸುವಂಥದ್ದಲ್ಲ. ಹಾಗಾಗಿ ಸುಮ್ನೆ ಫೈಫೋ ಬೇಕು ಎಂದಷ್ಟೇ ಕೇಳುವ ಫಂಕ್ಷನ್ ತಂದು, ಎಲ್ಲರಿಗೂ ನಡುವಿನ 50 ಕೊಟ್ಟರು. ಬೇಕಿದ್ದರೆ ಯಂತ್ರ ನೋಡಿಕೊಳ್ಳುವವರು ಆಮೇಲೆ ಬದಲಿಸಿಕೊಳ್ಳಲಿ. ನನ್ನ ಪ್ರಕಾರ ಸರಿಯಾದ ನಿರ್ಧಾರ.

ಆದ್ಯತೆ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಫೈಫೋ ಥ್ರೆಡ್‌ಗೆ ಬೇಕಾದ ಬೀಗವನ್ನು (ಒಂದು ಸಲಕ್ಕೆ ಒಬ್ಬರೇ ಬಳಸಲಿ ಎಂದು ಇಡುವ ತಡೆ, ಮ್ಯೂಟೆಕ್ಸ್) ಒಂದು ಸಾಮಾನ್ಯ ಥ್ರೆಡ್ ಹಿಡಿದಿದೆ, ಆ ಸಾಮಾನ್ಯ ಥ್ರೆಡ್‌ಗೆ ಬೇರೆಯವರ ನಡುವೆ ಸಿಪಿಯು ಸಿಗುತ್ತಿಲ್ಲ. ಆಗ ಮೇಲಿನದು ಕೆಳಗಿನದಕ್ಕೆ ಕಾಯುತ್ತಾ ಕೂರಬೇಕು. ಇದು ಪ್ರಯಾರಿಟಿ ಇನ್‌ವರ್ಶನ್. 1997ರಲ್ಲಿ ಮಂಗಳ ಗ್ರಹದ ಮೇಲಿದ್ದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗಿದ್ದು ಇದರಿಂದಲೇ. ಬೀಗ ಹಿಡಿದವನಿಗೆ ಕಾಯುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಪ್ರಯಾರಿಟಿ ಇನ್‌ಹೆರಿಟೆನ್ಸ್ ಅನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು. ಲಿನಕ್ಸ್‌ನಲ್ಲೂ ಆರ್‌ಟಿ ಮ್ಯೂಟೆಕ್ಸ್ ಎಂಬ ಬೀಗಕ್ಕೆ ಈ ಗುಣ ಇದೆ. ಆದರೆ ಕರ್ನಲ್‌ನ ಸಾಮಾನ್ಯ ಮ್ಯೂಟೆಕ್ಸ್‌ಗಳಿಗೂ ಅದು ಬೇಕಿದ್ದರೆ ಕರ್ನಲ್ಲನ್ನೇ ರಿಯಲ್ ಟೈಮ್‌ಗೆ ಒಗ್ಗಿಸುವ ಪ್ರಿಯೆಂಪ್ಟ್ ಆರ್‌ಟಿ ಆಯ್ಕೆ ಆನ್ ಆಗಿರಬೇಕು. ವರ್ಷಗಟ್ಟಲೆ ಹೊರಗೇ ಇದ್ದ ಆ ಆಯ್ಕೆ 2024ರಲ್ಲಿ 6.12ರ ಹೊತ್ತಿಗೆ ಮುಖ್ಯ ಕರ್ನಲ್‌ನಲ್ಲಿ ಬಳಸಲು ಸಿಕ್ಕಿತು.

ಅಪಾಯವೂ ಇದೆ. ಫೈಫೋ ಥ್ರೆಡ್ ಒಂದು ಕೊನೆಯಿಲ್ಲದ ಲೂಪ್‌ನಲ್ಲಿ ಬಿದ್ದರೆ ಆ ಸಿಪಿಯು ಅದರ ಪಾಲಿಗೇ ಹೋಯಿತು. ಅದಕ್ಕೇ ಲಿನಕ್ಸ್ ಒಂದು ತಡೆ ಇಟ್ಟಿತ್ತು: ರಿಯಲ್ ಟೈಮ್ ಥ್ರೆಡ್‌ಗಳಿಗೆಲ್ಲ ಸೇರಿ ಪ್ರತಿ ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್, ಉಳಿದ 50 ಸಾಮಾನ್ಯರಿಗೆ. ಉಳಿಸಿಕೊಟ್ಟ ಆ 50 ಮಿಲಿಸೆಕೆಂಡ್ 60 ಹರ್ಟ್ಜ್‌ನಲ್ಲಿ ಮೂರು ಫ್ರೇಮ್! ಯಂತ್ರ ಬದುಕುತ್ತದೆ, ಪರದೆ ಎಡವುತ್ತದೆ. ಇದಲ್ಲದೆ ಒಂದೊಂದು ಪ್ರೋಗ್ರಾಂಗೂ ಮಿತಿ ಹಾಕಬಹುದು. ರಿಯಲ್ ಟೈಮ್ ಥ್ರೆಡ್ ಎಲ್ಲೂ ಕಾಯದೆ ಇಷ್ಟು ಹೊತ್ತಿಗಿಂತ ಜಾಸ್ತಿ ಓಡಿದರೆ ಕರ್ನಲ್ ಇಡೀ ಪ್ರೋಗ್ರಾಮನ್ನೇ ಕೊಂದುಹಾಕುತ್ತದೆ. ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ನ ಮಟರ್‌ಗೆ ಇದು ನಿಜವಾಗಿಯೂ ತೊಂದರೆ ಕೊಟ್ಟಿದೆ. ಅದರ ಡಿಸ್‌ಪ್ಲೇ ಥ್ರೆಡ್ ರಿಯಲ್ ಟೈಮ್ ಆಗಿತ್ತು. ಡ್ರೈವರ್ ಒಳಗೆ ಹೊತ್ತು ಹಿಡಿದಾಗ ಅದೂ ಈ ಥ್ರೆಡ್‌ನ ಲೆಕ್ಕಕ್ಕೇ ಬಿದ್ದು, ಇಡೀ ಡೆಸ್ಕ್‌ಟಾಪ್ ಧೊಪ್ಪನೆ ಮುಚ್ಚಿಹೋಗುತ್ತಿತ್ತು. ತಪ್ಪು ಒಬ್ಬರದು, ಪೆಟ್ಟು ಇನ್ನೊಬ್ಬರಿಗೆ.

ಬ್ಯಾಟರಿಯ ಮಾತೂ ಇದೆ. ಸಿಪಿಯು ವೇಗ ನಿರ್ಧರಿಸುವ ಲಿನಕ್ಸ್‌ನ ಸ್ಕೆಡ್‌ಯುಟಿಲ್ ವ್ಯವಸ್ಥೆ ರಿಯಲ್ ಟೈಮ್ ಥ್ರೆಡ್ ಓಡುವಾಗ ಬೇರೆ ಮಿತಿ ಹಾಕದಿದ್ದರೆ ಸಿಪಿಯುವನ್ನು ಗರಿಷ್ಠ ವೇಗಕ್ಕೇ ಏರಿಸುತ್ತದೆ. ಸಣ್ಣ ಕೆಲಸಕ್ಕೆ ಇಷ್ಟು ವಿದ್ಯುತ್ ಯಾಕೆ ಎಂದು ಫೋನ್ ತಯಾರಕರು ಯುಕ್ಲ್ಯಾಂಪ್ ಎಂಬ ಮಿತಿ ಹಾಕಿ ವೇಗವನ್ನು ಹಿಡಿತದಲ್ಲಿಡಬಹುದು.

ಬೇರೆ ಕಡೆಯೂ ಇಂಥವು ಇವೆ. ವಿಂಡೋಸ್‌ನಲ್ಲಿ ವಿಸ್ಟಾ ಕಾಲದಿಂದ ಆಡಿಯೋ, ವಿಡಿಯೋದಂಥ ಥ್ರೆಡ್‌ಗಳಿಗೆ ಆದ್ಯತೆ ಕೊಡುವ ಎಂಎಂಸಿಎಸ್‌ಎಸ್ ಎಂಬ ಸೇವೆ ಇದೆ. ಮ್ಯಾಕ್‌ನಲ್ಲಿ ಥ್ರೆಡ್ ತನ್ನ ಅವಧಿ, ಕೆಲಸದ ಅಳತೆ, ಗಡುವು ಹೇಳಿಕೊಳ್ಳುವ ನೀತಿ ಇದೆ.

ನಿಮ್ಮ ಲಿನಕ್ಸ್ ಯಂತ್ರದಲ್ಲಿ ಯಾವ್ಯಾವುದು ರಿಯಲ್ ಟೈಮ್ ಎಂದು ನೋಡಬೇಕಿದ್ದರೆ ಪಿಎಸ್ ಆಜ್ಞೆಗೆ ಥ್ರೆಡ್‌ಗಳ ವರ್ಗದ ಕಾಲಂ ತೋರಿಸಲು ಹೇಳಿ. ಟಿಎಸ್ ಎಂದಿದ್ದರೆ ಸಾಮಾನ್ಯ, ಎಫ್‌ಎಫ್ ಎಂದಿದ್ದರೆ ಫೈಫೋ. ಟಾಪ್ ಆಜ್ಞೆಯಲ್ಲಿ ನೋಡುವಾಗ ಮಾತ್ರ ಗಲಿಬಿಲಿ ಬೇಡ: ಅಲ್ಲಿ ಅಂಕಿ ತಿರುಗುಮುರುಗು. 50ರ ಆದ್ಯತೆ -51 ಎಂದು ಕಾಣುತ್ತದೆ, ಅತಿ ಮೇಲಿನ 99 ಇದ್ದಲ್ಲಿ ಅಂಕಿಯ ಬದಲು ಆರ್‌ಟಿ ಎಂಬ ಅಕ್ಷರಗಳು ಬರುತ್ತವೆ.