ಡಾ ನಾಂಗ್‌ಗೆ ಟಿಕೆಟ್ ತೆಗೆಯುವ ಮುನ್ನ ಕ್ಯಾಲೆಂಡರ್ ನೋಡಿ

ಕರ್ನಾಟಕದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡಲು ಸಿಗುವ ದೊಡ್ಡ ರಜೆಗಳು ಎರಡೇ, ದಸರಾ ಮತ್ತು ಬೇಸಿಗೆ. ವಿಯೆಟ್ನಾಂನ ಡಾ ನಾಂಗ್‌ಗೆ ಹೋಗುವ ಆಸೆ ಇದ್ದರೆ ದಸರಾ ರಜೆಯನ್ನು ಬಿಟ್ಟುಬಿಡಿ. ವಿಮಾನದ ದರ ಎಷ್ಟೇ ಕಡಿಮೆ ಕಂಡರೂ ಬೇಡ.

ಕಾರಣ ಅಲ್ಲಿನ ಮಳೆ. ನಮ್ಮ ಕರಾವಳಿಗೆ ಮುಂಗಾರಿನಲ್ಲಿ ಪಶ್ಚಿಮ ಘಟ್ಟ ಏನು ಮಾಡುತ್ತದೋ, ಡಾ ನಾಂಗ್‌ಗೆ ತ್ರುವಾಂಗ್ ಸನ್ ಬೆಟ್ಟಸಾಲು ಹಿಂಗಾರಿನಲ್ಲಿ ಅದನ್ನೇ ಮಾಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಗಾಳಿ ಬೆಟ್ಟದ ಆಚೆ ಬದಿಯಲ್ಲೇ ಮಳೆ ಸುರಿಸಿ, ಈಚೆಗೆ ಬಿಸಿಯಾಗಿ ಒಣಗಿ ಇಳಿಯುತ್ತದೆ. ಸೆಪ್ಟೆಂಬರ್ ನಂತರ ಗಾಳಿ ತಿರುಗಿ ಈಶಾನ್ಯದಿಂದ, ಸಮುದ್ರದ ಮೇಲಿಂದ ಬರುತ್ತದೆ. ಬೆಟ್ಟಕ್ಕೆ ತಾಗಿ ಅದು ಸುರಿಸುವ ಮಳೆಯೆಲ್ಲ ಈ ಕರಾವಳಿಯ ಪಾಲು. ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರೇ ತಿಂಗಳಲ್ಲಿ ಬೀಳುತ್ತದೆ. ಚಂಡಮಾರುತಗಳೂ ಆಗಲೇ. 2025ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ಹೊಯಿ ಆನ್ ಹಳೇ ಪೇಟೆಯ ಬೀದಿಗಳಲ್ಲಿ ಜನ ದೋಣಿಯಲ್ಲಿ ಓಡಾಡಬೇಕಾಯಿತು.

"ವಿಯೆಟ್ನಾಂಗೆ ನವೆಂಬರ್ ಒಳ್ಳೆಯದು" ಎಂದು ಎಲ್ಲೋ ಓದಿ ಮೋಸಹೋಗುವವರು ಬಹಳ. ಆ ಮಾತು ಹನೋಯಿಗೆ ಸರಿ, ಹೋ ಚಿ ಮಿನ್ ನಗರಕ್ಕೂ ಬಹುತೇಕ ಸರಿ. ನಡುವಿನ ಕರಾವಳಿಗೆ ಮಾತ್ರ ಸಲ್ಲದು. ಉದ್ದನೆಯ ದೇಶ, ಮೂರು ಬೇರೆ ಬೇರೆ ಹವೆ. ನೀವು ಇಳಿದುಕೊಳ್ಳುವ ಊರಿನ ಹವೆಯನ್ನಷ್ಟೇ ನೋಡಿ.

ಡಾ ನಾಂಗ್‌ಗೆ ಫೆಬ್ರವರಿ ಕೊನೆಯಿಂದ ಮೇ ತನಕ ಅತ್ಯುತ್ತಮ ಕಾಲ. ನಮ್ಮ ಏಪ್ರಿಲ್-ಮೇ ರಜೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡು ಎಚ್ಚರಿಕೆ ಬೇಕು. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ. ದೇಶದ ಜನವೆಲ್ಲ ಸಮುದ್ರದ ಕಡೆ ಹೊರಡುತ್ತಾರೆ, ಕೋಣೆಯ ದರ ಏರುತ್ತದೆ. ಚಾಂದ್ರಮಾನ ಹೊಸವರ್ಷ 'ತೆತ್' ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ. ಆ ವಾರ ಸಣ್ಣ ಹೋಟೆಲು, ಅಂಗಡಿಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಜೂನ್-ಜುಲೈನಲ್ಲಿ ಸಮುದ್ರ ಶಾಂತ, ಆದರೆ ಬಿಸಿಲು 35 ಡಿಗ್ರಿ ದಾಟುತ್ತದೆ. ಅಂತರರಾಷ್ಟ್ರೀಯ ಪಟಾಕಿ ಉತ್ಸವವೂ ಆಗಲೇ ಇರುವುದರಿಂದ ಆ ರಾತ್ರಿಗಳಲ್ಲಿ ನದಿದಂಡೆಯ ಕೋಣೆಗಳು ದುಬಾರಿ.

ವೀಸಾದಲ್ಲಿ ಎಡವುವ ಜಾಗಗಳು

ಭಾರತೀಯರಿಗೆ ವೀಸಾ ಬೇಕೇ ಬೇಕು; ಇ-ವೀಸಾ ಸಾಕು. 2023ರ ಆಗಸ್ಟ್ 15ರಿಂದ ಅದು 90 ದಿನಗಳವರೆಗೆ ಸಿಗುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಸರ್ಕಾರಿ ತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದೇ ಕೊನೆಯಾಗುತ್ತದೆ. ಹುಡುಕಿದಾಗ ಮೇಲೆ ಬರುವ, ಅದೇ ಬಣ್ಣ ಅದೇ ಲಾಂಛನ ಹಾಕಿಕೊಂಡ ಖಾಸಗಿ ತಾಣಗಳು ಅದೇ ಅರ್ಜಿಗೆ ಹಲವು ಪಟ್ಟು ಹಣ ಕೇಳುತ್ತವೆ. ಅಧಿಕೃತವಾಗಿ ಮೂರು ಕೆಲಸದ ದಿನ ಎನ್ನುತ್ತಾರೆ. ಶನಿವಾರ, ಭಾನುವಾರ, ಅಲ್ಲಿನ ಹಬ್ಬಗಳು ಲೆಕ್ಕಕ್ಕಿಲ್ಲ. ಮೂರು ವಾರ ಮೊದಲೇ ಹಾಕಿ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ನಮ್ಮವರ ಅರ್ಜಿ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ಕರ್ನಾಟಕದ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಅಥವಾ ಇನಿಷಿಯಲ್‌ಗಳು ಬಿಡಿಸಿ ಬರೆದಿರುತ್ತವೆ. ಟಿಕೆಟ್ ಮೇಲೆ "ಕೆ.ಆರ್." ಎಂದಿದ್ದು ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಇದ್ದರೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ತಡೆಯಬಹುದು. ಪಾಸ್‌ಪೋರ್ಟ್‌ನ ಫೋಟೋ ಪುಟದ ಕೆಳಗಿರುವ, ಯಂತ್ರ ಓದುವ ಎರಡು ಸಾಲಿನಲ್ಲಿ ಹೆಸರು ಹೇಗಿದೆಯೋ ಹಾಗೇ ಅರ್ಜಿಯಲ್ಲೂ ಟಿಕೆಟ್‌ನಲ್ಲೂ ಇರಲಿ.

ಎರಡನೆಯದು ಪ್ರವೇಶದ ಜಾಗ. ಹೋ ಚಿ ಮಿನ್ ನಗರದಲ್ಲಿ ಇಳಿದು ಡಾ ನಾಂಗ್‌ಗೆ ಇನ್ನೊಂದು ವಿಮಾನ ಹಿಡಿಯುವುದಾದರೆ ಇಮಿಗ್ರೇಷನ್ ಆಗುವುದು ಹೋ ಚಿ ಮಿನ್‌ನಲ್ಲಿ. ಅರ್ಜಿಯಲ್ಲಿ ಅದನ್ನೇ ಬರೆಯಬೇಕು. ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರದ ಮೂಲಕ ನೇರವಾಗಿ ಡಾ ನಾಂಗ್‌ನಲ್ಲೇ ಇಳಿಯುವುದಾದರೆ ಡಾ ನಾಂಗ್. ಒಂದೇ ಪಿಎನ್ಆರ್‌ನಲ್ಲಿಲ್ಲದ ಎರಡು ಟಿಕೆಟ್‌ಗಳಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ: ಇಮಿಗ್ರೇಷನ್ ಸಾಲು, ಬ್ಯಾಗ್ ತೆಗೆದುಕೊಳ್ಳುವುದು, ದೇಶೀಯ ಟರ್ಮಿನಲ್‌ಗೆ ಹೋಗಿ ಮತ್ತೆ ಚೆಕ್-ಇನ್. ವೀಸಾದ ಆರಂಭದ ದಿನಾಂಕವನ್ನು ತಲುಪುವ ದಿನಕ್ಕಿಂತ ಒಂದು ದಿನ ಮುಂಚಿತವಾಗಿ ಕೊಟ್ಟರೆ ಮಧ್ಯರಾತ್ರಿಯ ವಿಮಾನದ ತಾರೀಖು ಗೊಂದಲವೂ ತಪ್ಪುತ್ತದೆ.

ಆರು ರಾತ್ರಿ, ಎರಡೇ ಕೋಣೆ

ಆರಾಮದ ಪ್ರವಾಸಕ್ಕೆ ನನ್ನ ಅಳತೆ ಹೀಗಿದೆ: ಆರು ರಾತ್ರಿ, ಎರಡು ಕಡೆ ಮಾತ್ರ ವಾಸ್ತವ್ಯ. ಡಾ ನಾಂಗ್ ಕಡಲ ದಂಡೆಯಲ್ಲಿ ನಾಲ್ಕು, 30 ಕಿ.ಮೀ. ದಕ್ಷಿಣದ ಹೊಯಿ ಆನ್‌ನಲ್ಲಿ ಎರಡು. ವಾರಾಂತ್ಯ ಡಾ ನಾಂಗ್‌ಗೆ ಬರಲಿ, ಹೊಯಿ ಆನ್‌ಗೆ ವಾರದ ನಡುವಿನ ದಿನಗಳು. ಡಾ ನಾಂಗ್‌ನ ಡ್ರ್ಯಾಗನ್ ಆಕಾರದ ಸೇತುವೆ ಬೆಂಕಿ, ನೀರು ಉಗುಳುವುದು ವಾರಾಂತ್ಯದ ರಾತ್ರಿ 9ಕ್ಕೆ. ಹೊಯಿ ಆನ್‌ನ ಕಿರಿದಾದ ಬೀದಿಗಳಲ್ಲಿ ಕಾಲಿಡಲೂ ಜಾಗವಿಲ್ಲದಂತೆ ಜನ ತುಂಬುವುದೂ ವಾರಾಂತ್ಯದಲ್ಲೇ. ಹುಣ್ಣಿಮೆಯ ಆಸುಪಾಸಿಗೆ, ಅಂದರೆ ಅವರ ಚಾಂದ್ರಮಾನ ತಿಂಗಳ 14ನೇ ರಾತ್ರಿಗೆ, ಹೊಯಿ ಆನ್ ವಾಸ್ತವ್ಯ ಹೊಂದಿಸಿಕೊಂಡರೆ ಹಳೇ ಪೇಟೆಯ ದೀಪೋತ್ಸವವೂ ಸಿಗುತ್ತದೆ.

2025ರ ಜುಲೈ 1ರಿಂದ ಕ್ವಾಂಗ್ ನಾಮ್ ಪ್ರಾಂತ್ಯ ಡಾ ನಾಂಗ್‌ನೊಂದಿಗೆ ವಿಲೀನವಾಗಿದೆ. ಹಾಗಾಗಿ ಹೊಯಿ ಆನ್‌ನ ಹೋಟೆಲ್ ವಿಳಾಸದಲ್ಲೂ ಈಗ "ಡಾ ನಾಂಗ್" ಎಂದೇ ಇರಬಹುದು. ಬುಕ್ ಮಾಡುವಾಗ ನಕ್ಷೆಯಲ್ಲಿ ಚುಕ್ಕೆ ಎಲ್ಲಿದೆ ನೋಡಿ.

ಡಾ ನಾಂಗ್‌ನಲ್ಲಿ ಕೋಣೆಯನ್ನು ಮಿ ಖೆ ಕಡಲತೀರದ ಕಡೆ ಹಿಡಿಯಿರಿ, ಹಾನ್ ನದಿಯ ಆಚೆಗಲ್ಲ. ತೀರದ ಮುಖ್ಯರಸ್ತೆಗೆ ತಾಗಿದ ಎತ್ತರದ ಹೋಟೆಲ್‌ಗಿಂತ ಎರಡು ರಸ್ತೆ ಹಿಂದಿನದು ಅಗ್ಗ, ವಾಹನದ ಸದ್ದೂ ಕಡಿಮೆ. ಪಕ್ಕದಲ್ಲಿ ಕಟ್ಟಡ ಏಳುತ್ತಿದೆಯೇ ಎಂದು ಬುಕ್ ಮಾಡುವ ಮುನ್ನ ಸಂದೇಶ ಕಳಿಸಿ ಕೇಳಿ. ಇತ್ತೀಚಿನ ಅತಿಥಿಗಳ ಅಭಿಪ್ರಾಯದಲ್ಲಿ ಡ್ರಿಲ್ಲಿಂಗ್ ಸದ್ದಿನ ಮಾತು ಬಂದಿದ್ದರೆ ಆ ಹೋಟೆಲ್ ಬಿಡಿ. ವಿಮಾನ ನಿಲ್ದಾಣ ಊರೊಳಗೇ ಇರುವುದರಿಂದ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷದ ದಾರಿ.

ದಿನವನ್ನು ಅಲ್ಲಿನವರ ಹಾಗೆ ಕಳೆಯಬೇಕು. ತೀರ ಪೂರ್ವಕ್ಕಿದೆ, ಬೇಸಿಗೆಯಲ್ಲಿ ಐದೂಕಾಲಿನ ಸುಮಾರಿಗೆ ನೀರಿನಿಂದಲೇ ಸೂರ್ಯ ಏಳುತ್ತಾನೆ. ಅಷ್ಟು ಹೊತ್ತಿಗೆ ಊರಿನ ಅಜ್ಜ-ಅಜ್ಜಿಯರು ಈಜಿ, ವ್ಯಾಯಾಮ ಮುಗಿಸುತ್ತಿರುತ್ತಾರೆ. ಬೆಳಗ್ಗೆ ಐದರಿಂದ ಎಂಟು ಹೊರಗೆ, ಹತ್ತರಿಂದ ಮೂರು ಒಳಗೆ, ನಾಲ್ಕರ ಮೇಲೆ ಮತ್ತೆ ಹೊರಗೆ. ದಿನಕ್ಕೆ ಒಂದೇ ಜಾಗ. ಮಧ್ಯಾಹ್ನದ ಊಟ ಮಾಡಿ ಮಲಗುವುದನ್ನೂ ಕಾರ್ಯಕ್ರಮದಲ್ಲೇ ಬರೆದಿಡಿ. ಬರೆಯದಿದ್ದರೆ ಯಾರಾದರೂ ಒಬ್ಬರು ಆ ಹೊತ್ತಿಗೆ ಮಾರುಕಟ್ಟೆಗೆ ಎಳೆಯುತ್ತಾರೆ. ಜೀವರಕ್ಷಕರಿರುವ, ಬಾವುಟ ನೆಟ್ಟ ಗಡಿಯೊಳಗಷ್ಟೇ ನೀರಿಗಿಳಿಯಿರಿ. ಕೆಂಪು ಬಾವುಟ ಕಂಡರೆ ಮೊಣಕಾಲುದ್ದವೂ ಬೇಡ. ಮಳೆಗಾಲದಲ್ಲಿ ಒಳಕ್ಕೆ ಸೆಳೆಯುವ ಪ್ರವಾಹ ಜೋರು.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಸೊನ್ ತ್ರಾ ಪರ್ಯಾಯದ್ವೀಪದ ಲಿನ್ ಉಂಗ್ ದೇವಾಲಯ, ಅಲ್ಲಿನ 67 ಮೀಟರ್ ಎತ್ತರದ ಕರುಣಾದೇವತೆಯ ವಿಗ್ರಹ, ಒಂದು ಬೆಳಗಿನ ಕೆಲಸ. ಅಮೃತಶಿಲೆಯ ಬೆಟ್ಟಗಳು ಡಾ ನಾಂಗ್-ಹೊಯಿ ಆನ್ ದಾರಿಯಲ್ಲೇ ಇವೆ. ಕೋಣೆ ಬದಲಿಸುವ ದಿನ ಕಾರನ್ನು ಎರಡು ಗಂಟೆ ಕಾಯಿಸಿಕೊಂಡು ನೋಡಿಬಿಡಿ, ಬ್ಯಾಗ್ ಡಿಕ್ಕಿಯಲ್ಲೇ ಇರಲಿ. ಹಿರಿಯರಿಗೆ ಲಿಫ್ಟ್ ಇದೆ, ಆದರೆ ಲಿಫ್ಟ್‌ನಿಂದ ಗುಹೆಗೆ ಮತ್ತೆ ಜಾರುವ ಮೆಟ್ಟಿಲುಗಳಿವೆ. ಮಂಡಿನೋವಿರುವವರು ಮೇಲಿನ ಪಗೋಡದ ಅಂಗಳದಲ್ಲೇ ಕೂರುವುದು ಒಳಿತು.

ಬೆಟ್ಟದ ಮೇಲಿನ ಮನರಂಜನಾ ತಾಣ ಬಾ ನಾ ಹಿಲ್ಸ್, ಅಲ್ಲಿ ಎರಡು ದೈತ್ಯ ಕೈ ಹೊತ್ತ ಚಿನ್ನದ ಬಣ್ಣದ ಆ ಸೇತುವೆ, ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಸೇತುವೆ 2018ರದು, ಸುಮಾರು 150 ಮೀಟರ್ ಉದ್ದ. ಟಿಕೆಟ್ ಒಬ್ಬರಿಗೆ ಸುಮಾರು 9ರಿಂದ 10 ಲಕ್ಷ ಡಾಂಗ್, ಅಂದರೆ 3,000 ರೂಪಾಯಿಗೂ ಮೇಲೆ. ಪೂರ್ತಿ ಒಂದು ದಿನ ಹೋಗುತ್ತದೆ, ಮೋಡ ಕವಿದರೆ ಕೈಯೂ ಕಾಣುವುದಿಲ್ಲ. ಮಕ್ಕಳಿದ್ದರೆ ಹೋಗಿ, ಮೊದಲ ಕೇಬಲ್ ಕಾರಿಗೇ ಹತ್ತಿ, ನೇರ ಸೇತುವೆಗೆ ನಡೆಯಿರಿ. ಹತ್ತು ಗಂಟೆಗೆ ಬಸ್ಸುಗಳು ಬಂದಮೇಲೆ ಅಲ್ಲಿ ನಿಲ್ಲಲಾಗದು. ದೊಡ್ಡವರೇ ಹೋಗುತ್ತಿದ್ದರೆ ಬಿಡಿ. ಆ ದಿನವನ್ನು ಮಿ ಸನ್‌ಗೆ, ಇಲ್ಲಿ ಹಿಂದೆ ಆಳಿದ ಚಾಮ್ ಅರಸರ ಹಳೆಯ ಗುಡಿಗಳ ತಾಣಕ್ಕೆ, ಕೊಡಿ.

ಮಿ ಸನ್‌ಗೆ ಹೋಗುವ ಮೊದಲು ಊರೊಳಗಿನ ಚಾಮ್ ಶಿಲ್ಪ ಸಂಗ್ರಹಾಲಯ ನೋಡಲೇಬೇಕು. ಅಲ್ಲಿಂದ ತಂದ ಒಳ್ಳೆಯ ಶಿಲ್ಪಗಳಲ್ಲಿ ಬಹಳಷ್ಟು ಇರುವುದು ಇಲ್ಲಿ. ಮಿ ಸನ್‌ನ 'ಇ-5' ಗುಡಿಯಿಂದ ಬಂದ, ನಿಂತ ಭಂಗಿಯ ಗಣಪತಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಏಳನೆಯ ಶತಮಾನದ್ದೆಂದು ಗುರುತಿಸಿರುವ ಮೂರ್ತಿ, ಬಾದಾಮಿ ಚಾಲುಕ್ಯರ ಕಾಲಕ್ಕೆ ಸಮಕಾಲೀನ. ಬಾದಾಮಿ, ಐಹೊಳೆಯ ಗಣಪತಿಯನ್ನು ನೋಡಿದ ಕಣ್ಣಿಗೆ ಯಾವುದು ನಮ್ಮದು, ಯಾವುದು ಅವರದೇ ಎಂಬುದು ಅಲ್ಲಿ ತಾನಾಗಿ ಹೊಳೆಯುತ್ತದೆ. ಮಿ ಸನ್‌ನಲ್ಲಿ ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ರಾಜ ಭದ್ರೇಶ್ವರ ಶಿವನಿಗೆ ಗುಡಿ ಕಟ್ಟಿಸಿದ, ಅವನ ಶಾಸನ ಸಂಸ್ಕೃತದಲ್ಲಿದೆ. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಅತ್ಯುತ್ತಮ ಗೋಪುರವೇ ಕುಸಿಯಿತು. ಉಳಿದವುಗಳಲ್ಲಿ ಮೂರು ಗುಂಪುಗಳ ಸಂರಕ್ಷಣೆ ಮಾಡಿದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. 2020ರಲ್ಲಿ ಆ ಕೆಲಸದ ನಡುವೆಯೇ ಒಂಬತ್ತನೆಯ ಶತಮಾನದ ಏಕಶಿಲಾ ಶಿವಲಿಂಗ ಸಿಕ್ಕಿತು. ಇಟ್ಟಿಗೆಗಳ ನಡುವೆ ಗಾರೆಯ ಗೆರೆ ಕಾಣಿಸದಂಥ ಕಟ್ಟೋಣವನ್ನು ಹತ್ತಿರದಿಂದ ನೋಡಿ. ಹೊಯಿ ಆನ್‌ನಿಂದ ಹೋಗಬೇಕು, 40 ಕಿ.ಮೀ. ಒಳಗಿನ ದಾರಿ. ಬೆಳಗ್ಗೆ ಐದೂವರೆಗೆ ಹೊರಟರೆ ಒಂಬತ್ತರೊಳಗೆ ನೋಡಿ ಮುಗಿಸಬಹುದು. ಸುತ್ತ ಬೆಟ್ಟಗಳಿರುವ ಆ ಬೋಗುಣಿಯಲ್ಲಿ ಹತ್ತರ ಮೇಲೆ ಗಾಳಿಯೇ ಆಡುವುದಿಲ್ಲ.

ಹಳೆಯ ರಾಜಧಾನಿ ಹುಯೆ ನಗರಕ್ಕೆ ಒಂದೇ ದಿನದಲ್ಲಿ ಹೋಗಿಬರುವುದು ಆರಾಮದ ಪ್ರವಾಸಕ್ಕೆ ಸೇರದು. ರೈಲಿನಲ್ಲಿ ಹೋಗಲು ಬರಲು ತಲಾ ಎರಡೂವರೆಯಿಂದ ಮೂರು ಗಂಟೆ. ರೈಲೇ ಮುಖ್ಯ ಎನ್ನುವವರು ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ, ಹೈ ವಾನ್ ಕಣಿವೆದಾರಿಯುದ್ದಕ್ಕೂ ಸಮುದ್ರ ಆ ಬದಿಗೇ. ಹೊಯಿ ಆನ್‌ನಲ್ಲಿ ಬಟ್ಟೆ ಹೊಲಿಸುವ ಆಸೆಯಿದ್ದರೆ ತಲುಪಿದ ಮೊದಲ ಗಂಟೆಯಲ್ಲೇ ಅಳತೆ ಕೊಡಿ, ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ಮಾದರಿಗೆ ಕೊಡಿ, ಮರುದಿನ ಹಾಕಿ ನೋಡಿ. ಕೊನೆಯ ಸಂಜೆ ಕೊಟ್ಟು ರಾತ್ರಿ ತೆಗೆದುಕೊಂಡ ಬಟ್ಟೆಯ ಹೊಲಿಗೆ ಊರಿಗೆ ಬಂದಮೇಲೆ ಬಿಚ್ಚುತ್ತದೆ.

ಊಟ, ದುಡ್ಡು, ಬೈಕು

ಶಾಕಾಹಾರಿಗಳು ನೆನಪಿಡಬೇಕಾದ ಪದ 'ಚಾಯ್'. ಬೌದ್ಧ ಶಾಕಾಹಾರ ಎಂದರ್ಥ. ಅಂಗಡಿಯ ಬೋರ್ಡಿನಲ್ಲೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿನ ಅನೇಕರು ಸ್ವತಃ ಚಾಯ್ ಊಟ ಮಾಡುವುದರಿಂದ ಆ ದಿನಗಳಲ್ಲಿ ಆಯ್ಕೆ ಹೆಚ್ಚು, ಜನವೂ ಹೆಚ್ಚು. ಸಾಮಾನ್ಯ ಹೋಟೆಲಿನಲ್ಲಿ "ಮಾಂಸ ಬೇಡ" ಎಂದರೆ ಸಾಲದು. ತರಕಾರಿ ಹುರಿಯುವುದಕ್ಕೂ 'ನುವಾಕ್ ಮಾಮ್' ಎಂಬ ಮೀನಿನ ಸಾಸ್ ಬೀಳುತ್ತದೆ, ನೂಡಲ್ಸ್‌ನ ತಿಳಿಸಾರು ಮೂಳೆಯದಾಗಿರುತ್ತದೆ. ಮಾಂಸ, ಮೀನು, ಮೀನಿನ ಸಾಸ್ ಮೂರೂ ಬೇಡ ಎಂಬ ವಾಕ್ಯವನ್ನು ವಿಯೆಟ್ನಾಮಿ ಲಿಪಿಯಲ್ಲಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಸ್ವರದ ಏರಿಳಿತಕ್ಕೆ ಅರ್ಥವೇ ಬದಲಾಗುವ ಭಾಷೆ ಅದು, ಬಾಯಲ್ಲಿ ಹೇಳಿದರೆ ತಿಳಿಯದೇ ಹೋಗಬಹುದು. 'ಬಾನ್ ಸೆಯೊ' ಮಾತ್ರ ತಪ್ಪಿಸಬೇಡಿ. ಅಕ್ಕಿಹಿಟ್ಟಿಗೆ ಅರಿಶಿನ ಕಲಸಿ ಕಾದ ಕಾವಲಿಗೆ ಚೊಂಯ್ ಎಂದು ಹುಯ್ದು, ಮೇಲೆ ಮೊಳಕೆಕಾಳು ಹಾಕಿ ಅರ್ಧಕ್ಕೆ ಮಡಿಸುವ ಗರಿಗರಿ ದೋಸೆ. ಮುರಿದು, ಸೊಪ್ಪಿನ ಜೊತೆ ತೆಳು ಅಕ್ಕಿಹಾಳೆಯಲ್ಲಿ ಸುತ್ತಿ ಸಾಸ್‌ಗೆ ಅದ್ದಿ ತಿನ್ನುತ್ತಾರೆ. ಮಾಮೂಲಿನದರಲ್ಲಿ ಸೀಗಡಿ, ಹಂದಿಮಾಂಸ ಇರುತ್ತದೆ. ಚಾಯ್ ಅಂಗಡಿಯಲ್ಲಿ ಅಣಬೆ ಹಾಕಿದ್ದು ಸಿಗುತ್ತದೆ.

ಒಂದು ಲಕ್ಷ ಡಾಂಗ್ ಎಂದರೆ ಸುಮಾರು 340 ರೂಪಾಯಿ; ಹೊರಡುವ ವಾರ ದರ ನೋಡಿಕೊಳ್ಳಿ. ಮೆನುವಿನಲ್ಲಿ "45ಕೆ" ಎಂದಿದ್ದರೆ 45,000. ಮೂರು ಸೊನ್ನೆ ಮರೆತು ಸುಮಾರು 3.4ರಿಂದ ಗುಣಿಸಿದರೆ ರೂಪಾಯಿ. ಅತಿ ದೊಡ್ಡ ತಪ್ಪು ಆಗುವುದು 20,000 ಮತ್ತು 5,00,000ದ ನೋಟುಗಳಲ್ಲಿ. ಎರಡೂ ನೀಲಿ, ಎರಡೂ ಪ್ಲಾಸ್ಟಿಕ್, ಎರಡರಲ್ಲೂ ಹೋ ಚಿ ಮಿನ್ ಮುಖ. ಟ್ಯಾಕ್ಸಿಯ ಮಬ್ಬುಬೆಳಕಿನಲ್ಲಿ 70 ರೂಪಾಯಿ ಎಂದುಕೊಂಡು 1,700 ಕೊಟ್ಟಿರುತ್ತೀರಿ. ಐದು ಲಕ್ಷದ ನೋಟನ್ನು ಪರ್ಸಿನ ಬೇರೆ ಅರೆಯಲ್ಲಿಡಿ. ಡಾಲರ್ ಒಯ್ಯುವುದಾದರೆ ಮಡಿಕೆ, ಶಾಯಿ ಗುರುತು ಇಲ್ಲದ ನೋಟು, ಕಲೆಯಿದ್ದರೆ ತೆಗೆದುಕೊಳ್ಳುವುದಿಲ್ಲ. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪ್ ಅನ್ನು ಊರಲ್ಲೇ ಹಾಕಿ ಒಟಿಪಿ ಮುಗಿಸಿಕೊಂಡು ಹೋಗಿ.

ಬೈಕ್ ಬಾಡಿಗೆಗೆ ಹಿಡಿಯಬೇಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಡುತ್ತಾರೆ, ಆದರೆ ಬಿದ್ದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ, ಪ್ರವಾಸ ವಿಮೆಯವರು ಅದನ್ನೇ ಹಿಡಿದು ಆಸ್ಪತ್ರೆಯ ಬಿಲ್ ತಳ್ಳಿಹಾಕಬಹುದು. ಹೊಯಿ ಆನ್‌ನಲ್ಲಿ ಸೈಕಲ್, ಉಳಿದೆಡೆ ಕಾರು.

ಹೊರಡುವ ದಿನ ರಾತ್ರಿಯ ವಿಮಾನವಾದರೆ ಕೋಣೆಯನ್ನು ಅರ್ಧ ದಿನ ಮುಂದುವರಿಸಲು ಹಿಂದಿನ ಸಂಜೆಯೇ ಕೇಳಿ. ಮಧ್ಯಾಹ್ನ ಹನ್ನೆರಡಕ್ಕೆ ಕೀ ಕೊಟ್ಟು ಉಪ್ಪುಮೈಯಲ್ಲಿ ಕಾಯುವುದು ಬೇಡ. ಮಿಕ್ಕ ಡಾಂಗ್‌ಗೆ ಬೆಂಗಳೂರಿನಲ್ಲಿ ಒಳ್ಳೆಯ ದರ ಸಿಗುವುದು ಕಷ್ಟ. ಇಮಿಗ್ರೇಷನ್‌ಗೆ ಮೊದಲೇ ಡಾಲರ್‌ಗೆ ಬದಲಿಸಿಕೊಳ್ಳಿ, ಚಿಲ್ಲರೆ ಉಳಿದರೆ ಕಾಫಿಪುಡಿ ಕೊಂಡುಬಿಡಿ.