ಪ್ರಿಯೆ ಪಕ್ಕದಲ್ಲೇ ಇರುವಾಗ ಬೊಲೆರೊಗೆ ಅಗಲಿಕೆಯ ಭಯವೇಕೆ?

ಪ್ರಶ್ನೆ: ಲ್ಯಾಟಿನ್ ಅಮೆರಿಕದ ನಿಧಾನಗತಿಯ ಪ್ರೇಮಗೀತೆಗಳಾದ ಬೊಲೆರೊ ಹಾಡುಗಳಲ್ಲಿ ಪ್ರೇಮಿಗಳು ಜೊತೆಗಿದ್ದರೂ ಕಳೆದುಕೊಳ್ಳುವ ಭಯ ಕೇಳಿಸುತ್ತದೆ. ಅದು ಬರೀ ಸಾಹಿತ್ಯದಿಂದ ಬರುವುದೋ, ಸಂಗೀತದಿಂದಲೂ ಬರುವುದೋ?

ಉತ್ತರ: ಎರಡರಿಂದಲೂ ಬರುತ್ತದೆ. ಆದರೆ ಹೆಚ್ಚು ಕೆಲಸ ಮಾಡುವುದು ಲಯ.

ಫ್ರೆಂಚ್ ಸಂಗೀತಕಾರ ರವೇಲ್‌ನ 'ಬೊಲೆರೊ' ಎಂಬ 1928ರ ವಾದ್ಯಕೃತಿಯನ್ನು ಇಲ್ಲಿ ಮರೆತುಬಿಡಿ. ಅದು ಮೂರು ಬಡಿತದ ಸ್ಪ್ಯಾನಿಷ್ ನೃತ್ಯದ ಜಾಡು. ಪ್ರೇಮಗೀತೆಯ ಬೊಲೆರೊ ಹುಟ್ಟಿದ್ದು ಕ್ಯೂಬಾದ ಸಾಂತಿಯಾಗೊದಲ್ಲಿ. ಪೆಪೆ ಸಾಂಚೆಸ್‌ 1883ರಲ್ಲಿ ಕಟ್ಟಿದ 'ತ್ರಿಸ್ತೇಸಾಸ್' ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಮೆಕ್ಸಿಕೊದ ರೇಡಿಯೊ.

1940ರಲ್ಲಿ ಪ್ರಕಟವಾದ ಕೊನ್ಸುವೆಲೊ ವೆಲಾಸ್ಕೆಸ್‌ ಅವರ 'ಬೇಸಮೆ ಮುಚೊ' ನೋಡಿ. ಇದೇ ಕಡೆಯ ರಾತ್ರಿಯೇನೋ ಎಂಬಂತೆ ಮುತ್ತಿಡು ಎನ್ನುವ ಬೇಡಿಕೆ, ಅದರ ಬೆನ್ನಿಗೇ ಮುಂದೆ ನಿನ್ನನ್ನು ಕಳೆದುಕೊಂಡೇನು ಎಂಬ ಕಾರಣ. ಯಾರೂ ಎದ್ದು ಹೋಗಿಲ್ಲ, ಜಗಳವೂ ಆಗಿಲ್ಲ. ರೊಬೆರ್ತೊ ಕಾಂತೊರಾಲ್‌ ಅವರ 'ಎಲ್ ರೆಲೋಹ್' ಗಡಿಯಾರವನ್ನೇ ಅಂಗಲಾಚುತ್ತದೆ: ಬೆಳಗಾದರೆ ಅವಳು ಹೊರಟುಹೋಗುತ್ತಾಳೆ, ಗಂಟೆಗಳನ್ನು ತೋರಿಸಬೇಡ. ನಮ್ಮ ಲಾಕ್ಷಣಿಕರು ಸಂಭೋಗ (ಕೂಡಿರುವಿಕೆ), ವಿಪ್ರಲಂಭ (ಅಗಲಿಕೆ) ಎಂದು ಬೇರೆಬೇರೆ ಇಟ್ಟ ಶೃಂಗಾರಗಳನ್ನು ಈ ಹಾಡುಗಳು ಒಂದೇ ರಾತ್ರಿಯೊಳಗೆ ತುಂಬುತ್ತವೆ. ಬೊಲೆರೊದ ದೊಡ್ಡತನ ಇಲ್ಲೇ ಇದೆ.

ಈಗ ಲಯಕ್ಕೆ ಬರೋಣ. ನಾಲ್ಕು ಬಡಿತದ ಆವರ್ತ. ತಗ್ಗುದನಿಯ ವಾದ್ಯವಾದ ಬಾಸ್ ಸಾಮಾನ್ಯವಾಗಿ 1, 3, 4ರಲ್ಲಿ ಬೀಳುತ್ತದೆ. ಎರಡನೆಯದರಲ್ಲಿ ಹೊಸ ಪೆಟ್ಟಿಲ್ಲ, ಮೊದಲ ಸ್ವರವೇ ಎಳೆದು ನಿಂತಿರುತ್ತದೆ. ಕೈಯಲ್ಲಿ ಅಲುಗಿಸುವ ಗಿಲಕಿಯಾದ ಮರಾಕಾಸ್ ಆವರ್ತಕ್ಕೆ ಎಂಟರಂತೆ ಸಮನಾಗಿ ಸದ್ದು ಮಾಡುತ್ತಲೇ ಇರುತ್ತದೆ. ಇದರ ಮೇಲೆ ಗಾಯಕರು ಎರಡು ಬಡಿತದ ಜಾಗದಲ್ಲಿ ಮೂರು ಸ್ವರ ಹರಡುತ್ತಾರೆ, ಸಾಲನ್ನು ತುಸು ತಡವಾಗಿ ಎತ್ತಿಕೊಳ್ಳುತ್ತಾರೆ. ಕೆಳಗೆ ಹೊತ್ತು ಸರಿಯುತ್ತಿದೆ, ಮೇಲೆ ಒಂದು ದನಿ ಅದನ್ನು ಹಿಡಿದು ಜಗ್ಗುತ್ತಿದೆ. ಸ್ಪ್ಯಾನಿಷ್ ಬಾರದವರಿಗೂ ಆತಂಕ ಮುಟ್ಟುವುದು ಹೀಗೆ.

ಇನ್ನೊಂದು ವಾದ್ಯ ರೆಕಿಂತೊ. 1944ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಲೋಸ್ ಪಾಂಚೋಸ್ ತ್ರಯದ ಆಲ್ಫ್ರೆದೊ ಹಿಲ್‌ ಇದನ್ನು ಜನಪ್ರಿಯಗೊಳಿಸಿದರು. ಗಿಟಾರಿಗಿಂತ ಚಿಕ್ಕದು, ಶ್ರುತಿ ಅದಕ್ಕಿಂತ 'ಸ'ದಿಂದ 'ಮ'ದಷ್ಟು ಮೇಲೆ. ಹಾಡಿನುದ್ದಕ್ಕೂ 'ನೀನು' ಎನಿಸಿಕೊಂಡ ವ್ಯಕ್ತಿ ಬಾಯಿ ಬಿಡುವುದೇ ಇಲ್ಲ. ದನಿ ನಿಂತ ಸಂದಿನಲ್ಲಿ ರೆಕಿಂತೊ ಮಾತಾಡುತ್ತದೆ.

ಹಾಡಲು ಹೊರಟವರು ನಿಮಿಷಕ್ಕೆ 80ರಿಂದ 100 ಬಡಿತದೊಳಗೆ ಇರಲಿ. ಬಿಕ್ಕುವ ದನಿ ಬೇಡ. ಅವಳು ಇನ್ನೂ ಎದುರಿಗೇ ಇದ್ದಾಳೆ, ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ. ಹೆಚ್ಚಾಗಿ ಕೆಡುವುದು ಪಕ್ಕವಾದ್ಯದವರಿಂದ: ಗಾಯಕರು ಹಿಂದೆಳೆದಾಗ ಅವರೂ ನಿಧಾನಿಸಿಬಿಡುತ್ತಾರೆ, ಆಗ ಜಗ್ಗಾಟವೇ ಉಳಿಯುವುದಿಲ್ಲ. ಗಾಯಕರು ಎಷ್ಟೇ ತಡಮಾಡಲಿ, ಮರಾಕಾಸ್ ತನ್ನ ನಡೆ ಬಿಡಬಾರದು. ಎಲ್ಲರೂ ಒಟ್ಟಿಗೆ ನಿಧಾನಿಸುವುದನ್ನು ಕೊನೆಯ ಸಾಲಿಗೆ ಇಟ್ಟುಕೊಳ್ಳಿ.